ದಾಸೋಹಿಗೆ ಸಲ್ಲುವ ಮನ್ನಣೆ

ನವಲಗುಂದ, ಅಣ್ಣಿಗೇರಿಗಳ ಎರೆನಾಡಿನಲ್ಲಿ ಜಾತ್ರೆ ಬಂದಿತೆಂದರೆ ಮನೆಮನೆಯಿಂದ ಜೋಳದ ರೊಟ್ಟಿಗಳು ಮಠವನ್ನು ಸೇರುತ್ತವೆ. ರೊಟ್ಟಿ ಬಡಿದ ತಾಯಂದಿರು, ಕಟ್ಟಿಗೆ ಒಡೆದವರು, ಎಂಜಲೆಲೆ ಎತ್ತಿದವರು ವೇದಿಕೆಯ ಮೇಲೆ ಕಾಣಿಸರು. ಹಾರ ಬೀಳುವುದು ಕಾಣಿಕೆಯಿತ್ತವರ ಕೊರಳಿಗೆ.

12ನೆಯ ಶತಮಾನದಲ್ಲಿ ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸಿದರು. ಆಯ್ದಕ್ಕಿ ಮಾರಯ್ಯನವರು ಅಂದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಸತಿ ಲಕ್ಕಮ್ಮನವರು ತಿಳಿಹೇಳಿದರು. ಇವರಾರೂ ಹೊಗಳಿಕೆಯನ್ನು ಬೇಡಲಿಲ್ಲ. ಆದರೂ ಶರಣಸಮೂಹವು ಅವರನ್ನು ಮರೆಯಲಿಲ್ಲ. ನುಲಿಯೂ ಆಯ್ದ ಅಕ್ಕಿಯೂ ಅವರ ಹೆಸರುಗಳೊಡನೆಯೇ ಬೆರೆತು ನಿಂತವು.

ಮನ್ನಣೆಯನ್ನು ಬಯಸದಿರುವುದು ಸೇವೆಗೈದವನ ಧರ್ಮ. ಅವನನ್ನು ಮರೆಯದಿರುವುದು ಉಂಡವನ ಧರ್ಮ. ಉಂಡೆದ್ದ ಗೃಹಸ್ಥನು ಬಡಿಸಿದವರನ್ನು ಆದರದಿಂದ ಕರೆದು, ಪಂಕ್ತಿಯಲ್ಲಿ ಕುಳ್ಳಿರಿಸಿ, ತಾನೇ ಬಡಿಸಲಿ. ಅದುವೇ ಅವರಿಗೆ ಸಲ್ಲುವ ನಿಜವಾದ ಶರಣಾರ್ಥಿ.