ರೋಗಿಯ ಮಾತೂ ಆಪ್ತರ ಧರ್ಮವೂ

ರೋಗಿಯು ಎಚ್ಚರವಿದ್ದಾಗ ಬೇಡವೆಂದ ಚಿಕಿತ್ಸೆಯನ್ನು ಅವನು ಎಚ್ಚರತಪ್ಪಿದ ಮೇಲೆ ಮಾಡಬಹುದೆ? ಪ್ರಾಣರಕ್ಷಣೆಯು ವೈದ್ಯನ ಧರ್ಮ. ಸಮ್ಮತಿಯಿಲ್ಲದೆ ಪರರ ದೇಹಕ್ಕೆ ಶಸ್ತ್ರವನ್ನಿಡದಿರುವುದೂ ಧರ್ಮವೇ. ಈ ಎರಡು ಧರ್ಮಗಳು ಒಂದೇ ಹಾಸಿಗೆಯ ಬಳಿ ಎದುರುಬದುರಾಗಿ ನಿಂತ ನಿದರ್ಶನವೊಂದು ಅಮೆರಿಕಾದ ಹ್ಯೂಸ್ಟನ್ ನಗರದಲ್ಲಿ 2006ನೆಯ ಇಸವಿಯಲ್ಲಿ ಒದಗಿತು.

ಮೈಕೇಲ್ ಡಿಬೇಕಿಯವರು ಹೃದಯ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆಯಲ್ಲಿ ಜಗತ್ಪ್ರಸಿದ್ಧರು. ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರವು ಸೀಳಿದರೆ ರಕ್ತವು ಪದರಗಳ ನಡುವೆ ನುಗ್ಗಿ ನಾಳವು ಉಬ್ಬುತ್ತದೆ; ಆ ಉಬ್ಬು ಒಡೆದರೆ ಮರಣವು ದೂರವಿಲ್ಲ. ಕೆಟ್ಟ ಭಾಗವನ್ನು ತೆಗೆದು ಡೇಕ್ರಾನ್ ನೂಲಿನ ಕೊಳವೆಯನ್ನು ಹೊಲಿಯುವ ಕ್ರಮವನ್ನು 1950ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಅವರು ಅಗ್ರಗಣ್ಯರು. ಅದೇ ವ್ಯಾಧಿಯು 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಅವರನ್ನೇ ಹಿಡಿಯಿತು.

ಅವರು ಶಸ್ತ್ರಕ್ರಿಯೆಯನ್ನು ಒಲ್ಲೆನೆಂದರು. ಬದುಕಿಯೂ ಬುದ್ಧಿಯೋ ದೇಹವೋ ಕುಂದಿ ಪರಾಧೀನರಾಗುವುದಕ್ಕೆ ಅವರು ಅಂಜಿದ್ದರು. ಫೆಬ್ರವರಿಯಲ್ಲಿ ಅವರ ಪ್ರಜ್ಞೆ ತಪ್ಪಿತು. ಅರಿವಳಿಕೆಯ ವೈದ್ಯರು ಹಿಂದೆಗೆದರು. ಆಸ್ಪತ್ರೆಯ ನೀತಿಸಮಿತಿಯು ಕೂಡಿ ಚರ್ಚಿಸುತ್ತಿರಲು ಪತ್ನಿಯು ಒಳಹೊಕ್ಕು, ಚಿಕಿತ್ಸೆಯು ಕೂಡಲೇ ಆಗಬೇಕೆಂದು ಒತ್ತಾಯಿಸಿದರು. ಬಹುಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಅದನ್ನು ನಡೆಸಿದರು. ತಿಂಗಳುಗಟ್ಟಲೆ ಯಂತ್ರಗಳ ಆಸರೆಯನ್ನೂ ಶಯ್ಯಾವಾಸವನ್ನೂ ಅನುಭವಿಸಿ ಡಿಬೇಕಿಯವರು ಚೇತರಿಸಿಕೊಂಡರು, ಕೆಲಸಕ್ಕೂ ಮರಳಿದರು, ಮಾಡಿದುದು ಒಳ್ಳೆಯದಾಯಿತೆಂದರು. 2008ರ ಜುಲೈ 11ರಂದು, 99ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ರೋಗಿಯೇ ಸಂತೋಷಪಟ್ಟ ಮೇಲೆ ಇನ್ನೇನು ವಿಚಾರವೆಂದು ಕೆಲವರು ಕೇಳಬಹುದು. ಆದರೆ ಫಲವು ಕರ್ಮದ ತರುವಾಯ ಹುಟ್ಟುವುದು. ನಿಶ್ಚಯಿಸಿದ ರಾತ್ರಿಯಲ್ಲಿ ಅದು ಯಾರಿಗೂ ಗೋಚರವಿರಲಿಲ್ಲ. ಅವರು ಅಂಜಿದ್ದಂತೆಯೇ ಬುದ್ಧಿಗೆಟ್ಟು ಉಳಿದಿದ್ದರೆ ಇದೇ ಜನರು ಆ ಪತ್ನಿಯನ್ನು ಹಳಿಯುತ್ತಿದ್ದರು. ಗೆದ್ದುದೆಲ್ಲ ನ್ಯಾಯವಾದರೆ ಜೂಜುಗಾರನೂ ಧರ್ಮಾತ್ಮನೇ.

ಹಾಗೆಂದು ಬೇಡವೆಂಬ ಮಾತನ್ನು ಶಿಲಾಶಾಸನದಂತೆ ಹಿಡಿದು ಕೈಕಟ್ಟಿ ಕುಳಿತರೂ ಧರ್ಮವು ತೀರುವುದಿಲ್ಲ. ಮಾತಿನ ಹಿಂದಿರುವ ಹೇತುವನ್ನು ನೋಡಬೇಕು. ವೆಚ್ಚಕ್ಕೆ ಅಂಜಿ ಬೇಡವೆನ್ನುವ ಹಿರಿಯರಿಗೆ ಮಕ್ಕಳು ಸಮಾಧಾನ ಹೇಳಬಲ್ಲರು. ನೋವಿಗೆ ಅಂಜಿದವರಿಗೆ ವೈದ್ಯರು ಹೇಳಬಲ್ಲರು. ಬಾಳು ಸಾಕೆಂದು ತಿಳಿದು ಬೇಡವೆನ್ನುವವರಿಗಾದರೋ ಹೇಳತಕ್ಕುದೇನೂ ಉಳಿಯದು. ಅವರ ಮಾತನ್ನು ನಡೆಸಿಕೊಡುವುದೇ ಪ್ರೀತಿ. ವಯಸ್ಸಾಯಿತೆಂಬುದೊಂದೇ ಈ ವಿಚಾರದಲ್ಲಿ ಹೇತುವಾಗಲಾರದು. ವಯಸ್ಸು ಅಪಾಯವನ್ನು ಹೆಚ್ಚಿಸೀತೇ ಹೊರತು ಪ್ರಾಣದ ಬೆಲೆಯನ್ನು ತಗ್ಗಿಸದು.

ಆದುದರಿಂದ ಹ್ಯೂಸ್ಟನ್ನಿನಲ್ಲಿ ಹಿಂದೆಗೆದ ವೈದ್ಯರನ್ನು ಕಠಿಣಹೃದಯರೆನ್ನಲಾಗದು. ಅವರು ರೋಗಿಯ ಮಾತನ್ನು ಕಾದರು. ಪತ್ನಿಯು ಪತಿಯ ಅಂತರಂಗವನ್ನು ಬಲ್ಲ ಸಾಕ್ಷಿಯಾಗಿ ನುಡಿದಿದ್ದರೆ ಅವರನ್ನೂ ಅಪರಾಧಿಯೆನ್ನಲಾಗದು. ಆದರೆ ಆಪ್ತರು ತಮ್ಮ ಇಷ್ಟಕ್ಕೆ ರೋಗಿಯ ಹೆಸರಿಡಬಾರದು. ಇದನ್ನು ಕಡೆಯ ರಾತ್ರಿಗೆ ಉಳಿಸದೆ, ಹಿರಿಯರು ನೆಟ್ಟಗಿರುವಾಗಲೇ ಮನೆಯವರು ಹತ್ತಿರ ಕುಳಿತು, ಯಾವುದು ಬೇಡ, ಏಕೆ ಬೇಡ ಎಂದು ಕೇಳಿಕೊಳ್ಳುವುದು ವಿಹಿತ. ಕೇಳುವುದಕ್ಕೆ ಸಂಕೋಚವೆನಿಸಬಹುದು, ಕೇಳದೆ ಊಹಿಸುವುದು ಅದಕ್ಕಿಂತ ಭಾರ.