ಕೆಂಡದ ಮುಂದೆ ಮತ್ತೊಮ್ಮೆ

(ಓದಿರಿ: ಯೊವಾನ್ನ 18:15–18, 21:9–17)



ವಿಭೂತಿ ಬುಧವಾರ ಬೀಡಿ ಸಿಗರೇಟು ಬಿಟ್ಟು, ಪಾಸ್ಕ ಹಬ್ಬದ ಊಟ ಮುಗಿದ ಕೂಡಲೇ ಹಿತ್ತಲಿಗೆ ಹೋಗುವವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ. ತಪಸ್ಸುಕಾಲವಿಡೀ ಬಿಟ್ಟವನಿಗೆ ಮರುದಿನ ಯಾಕೆ ಆಗುವುದಿಲ್ಲ? ಅವನಿಗೆ ಮನಸ್ಸಿಲ್ಲ ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾನೂ ಸೇದುತ್ತಿದ್ದೆ. ಗುರುದೀಕ್ಷೆಗೆ ಮುಂಚೆ ಬಿಟ್ಟೆ. ವರ್ಷಗಳು ಕಳೆದ ಮೇಲೆ, ಒಂದು ಮಗುವಿನ ಶವಸಂಸ್ಕಾರ ಮುಗಿಸಿ ಬರುತ್ತಿದ್ದ ಸಂಜೆ ಪರಿಚಿತರೊಬ್ಬರು ಮಾತಿಲ್ಲದೆ ಸಿಗರೇಟು ಚಾಚಿದರು. ತೆಗೆದುಕೊಂಡೆ. ಆ ಒಂದು ಸಿಗರೇಟು ಏಳು ತಿಂಗಳು ನನ್ನನ್ನು ಎಳೆದುಕೊಂಡು ಹೋಯಿತು. ಕೊನೆಗೆ ಒಂದು ದಿನ, ಬೀಡಿಯಿಂದ ಶ್ವಾಸಕೋಶ ಕೆಟ್ಟು ಮಲಗಿದ್ದ ಹಿರಿಯರಿಗೆ ಪರಮಪ್ರಸಾದ ಕೊಡಲು ಹೋದೆ. ನಾಲಿಗೆಯ ಮೇಲೆ ಪ್ರಸಾದ ಇಡುವಾಗ ನನ್ನ ಬೆರಳಿನ ವಾಸನೆ ಅವರಿಗೆ ತಿಳಿಯಿತು. ಪ್ರಸಾದ ಸ್ವೀಕರಿಸಿ, ಏದುಸಿರಿನಲ್ಲೇ ಕೇಳಿದರು: “ಸ್ವಾಮಿ, ನೀವೂನಾ?” ಉತ್ತರ ಕೊಡಲಾಗಲಿಲ್ಲ.

ಪಾಪನಿವೇದನೆಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುವಾಗ ಪಾಪವನ್ನು ಮಾತ್ರವಲ್ಲ, ಅದಕ್ಕೆ ಎಳೆಯುವ ಸಂದರ್ಭಗಳನ್ನೂ ತೊರೆಯುತ್ತೇವೆಂದು ಮಾತು ಕೊಡುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ಆ ಸಂದರ್ಭಗಳನ್ನು ನಾನು ಹೇಳಿಕೊಡಬೇಕಿಲ್ಲ: ಬೆಳಗಿನ ಕಾಫಿ, ಬಸ್ ನಿಲ್ದಾಣದ ಟೀ ಅಂಗಡಿ, ರಾತ್ರಿ ಕರೆಂಟು ಬರಲೆಂದು ಪಂಪ್‌ಸೆಟ್ಟಿನ ಬಳಿ ಕಾಯುವ ಹೊತ್ತು, ಆಲೆಮನೆಯ ಒಲೆಯ ಮಗ್ಗುಲು, ಬೀಗರೂಟ, ಸಾವಿನ ಮನೆಯ ಜಗಲಿ, ಸಾಲ ಕೊಟ್ಟವನು ಬಂದುಹೋದ ಸಂಜೆ.

ಹೊಗೆ ಎಳೆದ ಕೆಲವೇ ಕ್ಷಣಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಮಿದುಳು ಆ ಸುಖದ ಜೊತೆಗೆ ಆ ಜಾಗ, ಆ ಹೊತ್ತು, ಪಕ್ಕದ ಗೆಳೆಯ ಎಲ್ಲವನ್ನೂ ಸೇರಿಸಿ ಗಂಟು ಹಾಕಿಕೊಳ್ಳುತ್ತದೆ. ಆದ್ದರಿಂದಲೇ ನಾವು ಬಿಟ್ಟರೂ ಟೀ ಲೋಟ ಬೀಡಿ ಕೇಳುತ್ತದೆ. ಮತ್ತೆ ಮತ್ತೆ ಮಾಡಿದ್ದು ನಮ್ಮ ಅಭ್ಯಾಸವಾಗಿ ನೆಲೆಗೊಳ್ಳುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಕಲಿಸಿದರು. ದುರಭ್ಯಾಸ ಬೆಳೆದ ದಾರಿಯಲ್ಲೇ ಸದ್ಗುಣವೂ ಬೆಳೆಯುತ್ತದೆ. ನಮ್ಮ ಭರವಸೆ ಇರುವುದು ಅಲ್ಲಿ.

ಹಾಗಾದರೆ ಏನು ಮಾಡಬೇಕು? ಮೊದಲು, ನಿಮ್ಮ ಸಂದರ್ಭಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ತಪ್ಪಿಸಬಹುದಾದದ್ದನ್ನು ತಪ್ಪಿಸಿ. ಪೋಪ್ ಫ್ರಾನ್ಸಿಸರು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು, ಅದರ ಲಾಭವೂ ಬೇಡವೆಂದರು. ನಿಮ್ಮ ಜೇಬಿನ ಬೆಂಕಿಪೊಟ್ಟಣವನ್ನಾದರೂ ಮನೆಯವರ ಕೈಗೆ ಕೊಡಿ. ತಪ್ಪಿಸಲಾಗದ ಕಡೆ ಬದಲು ಇಡಿ. ಗುಡಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವಗಳು ಬಂದು ಸೇರಿದ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರಲ್ಲವೇ? ಊಟವಾದ ಕೂಡಲೇ ಎದ್ದು ನಡೆಯಿರಿ. ಬಾಯಿಗೆ ಸೋಂಪು, ಲವಂಗ ಇರಲಿ. ಹೊಗೆಸೊಪ್ಪು, ಗುಟ್ಕಾ ಮಾತ್ರ ಬೇಡ, ಅದು ಅದೇ ದೆವ್ವದ ಇನ್ನೊಂದು ವೇಷ. ಸೇದಬೇಕೆನ್ನುವ ತವಕ ನಾಲೆಯ ನೀರಿನಂತೆ ಏರಿ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಜಪಸರದ ಒಂದು ದಶಕ ಹೇಳಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಕೈಗೂ ಕೆಲಸ, ಬಾಯಿಗೂ ಕೆಲಸ.

ತಾಯಂದಿರೇ, ಮೊದಲ ಎರಡು ಮೂರು ವಾರ ಅವರು ಸಿಡುಕಬಹುದು. ಬೈಯಬೇಡಿ, ಮತ್ತೆ ಸೇದಲು ಅದೇ ನೆಪವಾದೀತು.

ಔಷಧಿ ಬೇಕೆನಿಸಿದರೆ ನಾಚಬೇಡಿ. ಟಿಪ್ಪುವಿನ ಪತನದ ನಂತರ, 1799ರ ಮೇಲೆ, ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಟ್ಟುಗೂಡಿಸಿದ ಅಬ್ಬೆ ದುಬುವಾ ಅವರು ಸಿಡುಬಿಗೆ ದೇವರನ್ನು ಬೇಡಿದ್ದು ಮಾತ್ರವಲ್ಲ, ಜನರಿಗೆ ಲಸಿಕೆಯನ್ನೂ ಹಾಕಿಸಿದರು. ಪ್ರಾರ್ಥನೆಯೂ ಮದ್ದೂ ಒಂದೇ ದೇವರ ಎರಡು ಕೈ. ನಿಕೋಟಿನ್ ಗಮ್ ಬಗ್ಗೆ ವೈದ್ಯರನ್ನು ಕೇಳಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ.

ಇಷ್ಟಾದರೂ ಬಿದ್ದರೆ? ಪೇತ್ರರನ್ನು ನೆನೆಯಿರಿ. ಆ ಚಳಿಯ ರಾತ್ರಿ ಅವರು ಪ್ರಭುವನ್ನು ಅಲ್ಲಗಳೆದದ್ದು ಕೆಂಡದ ಮುಂದೆ, ಚಳಿ ಕಾಯಿಸುತ್ತಾ ನಿಂತವರ ನಡುವೆ. ಪುನರುತ್ಥಾನರಾದ ಪ್ರಭು ಪೇತ್ರರಿಗಾಗಿ ಕಾದದ್ದೂ ದಡದ ಮೇಲಿನ ಕೆಂಡದ ಬಳಿಯೇ. ಬಿದ್ದ ಜಾಗವನ್ನು ನೆನಪಿಸುವ ಅದೇ ಬೆಂಕಿಯ ಮುಂದೆ ಮೂರು ಸಲ ಪ್ರೀತಿಯನ್ನು ಕೇಳಿದರು. ಎಷ್ಟು ಸಲ ಬಿದ್ದೆ ಎಂದು ಕೇಳಲಿಲ್ಲ.

ಆ ಹಿರಿಯರು ತೀರಿಕೊಳ್ಳುವ ಮುಂಚೆ ಮತ್ತೊಮ್ಮೆ ಪ್ರಸಾದ ಕೊಡಲು ಹೋದೆ. ಅವರು ನನ್ನ ಬೆರಳುಗಳನ್ನು ಹಿಡಿದು ಮೂಸಿ ನೋಡಿ, ನಕ್ಕರು. ನಿಮ್ಮ ಮನೆಯಲ್ಲೂ ಹಾಗೆ ನಿಮ್ಮ ಕೈ ಹಿಡಿದು ನೋಡಲು ಕಾಯುತ್ತಿರುವ ಒಂದು ಮಗು ಇದ್ದೀತು. ಇಂದಿನ ಸಂಜೆಯ ಟೀಯಿಂದಲೇ ಆರಂಭಿಸಿ. ಪ್ರಭು ನಿಮ್ಮೊಡನಿರಲಿ.