ಹರಕೆಯ ಪಶುವಿಗೆ ಒಡೆಯನಾರು?

ಬಲಿಪಾಡ್ಯಮಿಯಂದು ಗೋವುಗಳ ಮೈತೊಳೆದು, ಅರಿಶಿನ ಕುಂಕುಮಗಳನ್ನಿಟ್ಟು, ಕೊರಳಿಗೆ ಹೂಮಾಲೆಯನ್ನು ಹಾಕಿ, ಗೋಗ್ರಾಸವನ್ನಿತ್ತು ನಮಸ್ಕರಿಸುವ ಪದ್ಧತಿಯು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಪಟ್ಟಣವಾಸಿಗಳಾದವರು ಗೋಶಾಲೆಗೆ ಹೋಗಿಯಾದರೂ ಇದನ್ನು ನಡೆಸುತ್ತಾರೆ. ಸಂತೋಷದ ವಿಷಯವೇ ಸರಿ. ಆದರೆ ಕೊಟ್ಟಿಗೆಯಲ್ಲಿ ಮೇವು ಕಂಡು ನಿಂತಿರುವ ಪಶುವನ್ನು ಪೂಜಿಸುವುದು ಸುಲಭ. ಬಿಟ್ಟುಬಿಟ್ಟ ಪಶುವಿನ ವಿಷಯದಲ್ಲಿ ನಮ್ಮ ಧರ್ಮವೇನೆಂಬುದು ಅಷ್ಟು ಸುಲಭವಾದ ಪ್ರಶ್ನೆಯಲ್ಲ. ಪರ್ವಕಾಲದಲ್ಲಿ ಅದನ್ನು ಸ್ವಲ್ಪ ವಿಚಾರಮಾಡೋಣವೆಂದಿದ್ದೇವೆ.

ಉತ್ತರಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಸಮುದ್ರಮಧ್ಯದಲ್ಲಿ, ನೇತ್ರಾಣಿಯೆಂಬ ಚಿಕ್ಕ ದ್ವೀಪವೊಂದಿದೆ. ಕಡಿದಾದ ಬಂಡೆಗಳು, ಅವುಗಳ ಮೇಲೆ ಕಾಡು, ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡುಕಟ್ಟುವ ಸ್ಥಳವೆಂದು ಪಕ್ಷಿಗಳನ್ನು ಬಲ್ಲವರು ಅದನ್ನು ಅರಿತಿದ್ದಾರೆ. ಕರಾವಳಿಯ ಮೀನುಗಾರರಿಗಾದರೋ ಅದು ದೈವದ ನೆಲೆ. ಹೊತ್ತ ಹರಕೆಯನ್ನು ಸಲ್ಲಿಸಲು ಆಡುಗಳನ್ನು ದೋಣಿಯಲ್ಲಿ ಒಯ್ದು ಅಲ್ಲಿ ಬಿಟ್ಟುಬರುವ ವಾಡಿಕೆ ನಡೆದುಬಂದಿದೆ. ಹಾಗೆ ಬಿಟ್ಟವುಗಳ ಸಂತತಿಯು ಕಾಡುಬಿದ್ದು ಅಲ್ಲಿ ಬದುಕಿದೆ.

ಕಡಲಿನಲ್ಲಿ ಪ್ರಾಣವನ್ನು ಪಣವಾಗಿಟ್ಟು ದುಡಿಯುವವರ ಭಕ್ತಿಯನ್ನು ದಡದಲ್ಲಿ ಕುಳಿತು ಹಳಿಯುವುದು ನಮ್ಮ ಉದ್ದೇಶವಲ್ಲ. ಕೊರಳು ಕತ್ತರಿಸುವುದಕ್ಕಿಂತ ಜೀವಸಹಿತ ಬಿಡುವುದು ಎಷ್ಟೋ ಮೇಲು. ನಮ್ಮ ಪ್ರಶ್ನೆಯಿರುವುದು ದೋಣಿಯು ಹಿಂದಿರುಗಿದ ಮೇಲಿನ ಕಾಲದ ವಿಷಯವಾಗಿ. ಬಂಡೆಯಿಂದ ಜಾರಿ ಕಾಲು ಮುರಿದ ಆಡಿಗೆ ಅಲ್ಲಿ ಕಟ್ಟು ಕಟ್ಟುವವರಾರು? ಗಾಯಕ್ಕೆ ಹುಳು ಬಿದ್ದರೆ ಔಷಧ ಹಚ್ಚುವವರಾರು? ಹೆರಿಗೆಯಲ್ಲಿ ಮರಿ ಅಡ್ಡವಾದರೆ? ನಾಲ್ಕು ಸುತ್ತಲೂ ಉಪ್ಪುನೀರು. ಮನೆಗೆ ಹಿಂದಿರುಗೋಣವೆಂದರೂ ದಾರಿಯಿಲ್ಲ. ‘ದೇವರಿಗೆ ಬಿಟ್ಟದ್ದು, ದೇವರೇ ನೋಡಿಕೊಳ್ಳುತ್ತಾನೆ’ ಎಂಬುದು ಸಿದ್ಧವಾದ ಉತ್ತರ. ಈ ಉತ್ತರವನ್ನೇ ಪರೀಕ್ಷಿಸಬೇಕಾಗಿದೆ.

ಹರಕೆಯ ಹೆಸರಿಲ್ಲದೆಯೂ ಮನುಷ್ಯರು ಪಶುಗಳನ್ನು ದ್ವೀಪಗಳಲ್ಲಿ ಬಿಟ್ಟುಹೋದದ್ದುಂಟು. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ 17ನೆಯ ಶತಮಾನದಲ್ಲಿ ಸ್ಪೇನಿನವರು ಕತ್ತೆಗಳನ್ನು ತಂದರು. ಉಪ್ಪಿನ ಆಗರಗಳಲ್ಲಿ ಅವು ತಲೆಮಾರುಗಳ ಕಾಲ ಹೊರೆ ಹೊತ್ತವು. ಮೋಟಾರುಗಳು ಬಂದ ಮೇಲೆ ಯಾರಿಗೂ ಬೇಡವಾದವು. ಕತ್ತಾಳೆ ಕಳ್ಳಿಗಳ ಆ ಒಣನೆಲದಲ್ಲಿ ಅಲೆಯುತ್ತ, ರಸ್ತೆಗೆ ಬಂದು ವಾಹನಗಳಿಗೆ ಸಿಕ್ಕಿ ಬೀಳುವುದು ಅವುಗಳ ಪಾಡಾಯಿತು. ಹಿಂದೆ ಯಾವ ಮೋಟಾರು ಅವುಗಳ ಕೆಲಸವನ್ನು ಕಿತ್ತುಕೊಂಡಿತೋ, ಅದೇ ಈಗ ಅವುಗಳ ಕಾಲನ್ನೂ ಮುರಿಯಿತು. 1993ರಲ್ಲಿ ದಯಾವಂತರು ಅಲ್ಲಿ ಕತ್ತೆಗಳಿಗಾಗಿ ಆಶ್ರಯಧಾಮವೊಂದನ್ನು ಆರಂಭಿಸಿದರು. ಗಾಯಗೊಂಡವನ್ನೂ ತಾಯಿಸತ್ತ ಮರಿಗಳನ್ನೂ ತಂದು ಸಲಹುವುದು, ಗಂಡುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಸಂಖ್ಯೆಯು ಬೆಳೆಯದಂತೆ ನೋಡುವುದು ಅದರ ಕಾರ್ಯ. ಕತ್ತೆಗಾಗಿ ಇಷ್ಟು ಶ್ರಮವೇ ಎಂದು ನಗುವವರು ನಮ್ಮಲ್ಲಿರಬಹುದು. ಅಂತಹವರು ಭಾಗವತದ ಸಪ್ತಮಸ್ಕಂಧವನ್ನು ಒಮ್ಮೆ ನೋಡಬೇಕು. ಗೃಹಸ್ಥನು ತನ್ನ ಮಕ್ಕಳಂತೆಯೇ ಕಾಣಬೇಕಾದ ಪ್ರಾಣಿಗಳನ್ನು ನಾರದರು ಧರ್ಮರಾಜನಿಗೆ ಎಣಿಸಿ ಹೇಳುವಾಗ ಅದರಲ್ಲಿ ಕತ್ತೆಯೂ ಇದೆ, ಇಲಿ ನೊಣಗಳೂ ಇವೆ.

ಇನ್ನೊಂದು ಕಥೆ ಇದಕ್ಕಿಂತ ಕಠೋರವಾದುದು. ಹಿಂದೂ ಮಹಾಸಾಗರದ ದಕ್ಷಿಣಭಾಗದಲ್ಲಿ ಫ್ರಾನ್ಸಿಗೆ ಸೇರಿದ ಆಮ್‌ಸ್ಟರ್‌ಡ್ಯಾಮ್ ಎಂಬ ನಿರ್ಜನದ್ವೀಪವಿದೆ. 1871ರಲ್ಲಿ ಒಂದು ಸಂಸಾರವು ಬೇಸಾಯಕ್ಕೆಂದು ಅಲ್ಲಿಗೆ ಹೋಗಿ, ಕೆಲವೇ ತಿಂಗಳಲ್ಲಿ ಸೋತು ಹಿಂದಿರುಗುವಾಗ 5 ದನಗಳನ್ನು ಅಲ್ಲಿಯೇ ಬಿಟ್ಟಿತು. ನೂರು ವರ್ಷ ಕಳೆಯುವಷ್ಟರಲ್ಲಿ ಅವು ಸುಮಾರು 2000 ಆದವು. ದ್ವೀಪದ ಮರಗಳು ನಾಶವಾದವು, ಬೇರೆಲ್ಲಿಯೂ ಮರಿಮಾಡದ ಒಂದು ಜಾತಿಯ ಕಡಲಹಕ್ಕಿಯ ಗೂಡುಗಳಿಗೆ ಕುತ್ತು ಬಂದಿತು. ಕೊನೆಗೆ 2010ರ ಹೊತ್ತಿಗೆ ಒಂದೂ ಉಳಿಯದಂತೆ ದನಗಳನ್ನೆಲ್ಲ ಗುಂಡಿಟ್ಟು ಕೊಂದರು. ಇಲ್ಲಿ ಪಾಪ ಯಾರದು? ಗುಂಡು ಹಾರಿಸಿದವನದೇ, ದನಗಳನ್ನು ಬಿಟ್ಟು ಹಡಗು ಹತ್ತಿದವನದೇ? ಇಬ್ಬರಿಗೂ ಪಾಲುಂಟು; ಆದರೆ ಹಡಗು ಹತ್ತಿದವನ ಪಾಲು ಹೆಚ್ಚಿನದೆಂದು ನಮಗೆ ತೋರುತ್ತದೆ. ಅವನು ಕತ್ತಿ ಎತ್ತಲಿಲ್ಲವೆಂಬ ಮಾತ್ರಕ್ಕೆ ಅಹಿಂಸಕನಾಗಲಿಲ್ಲ.

‘ಕಟ್ಟು ಬಿಚ್ಚಿ ಸ್ವತಂತ್ರವಾಗಿ ಬಿಟ್ಟೆವು’ ಎನ್ನುವವರಿದ್ದಾರೆ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಭಾಗಿಸಿ, ಶ್ರೀವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ತನ್ನಲ್ಲಿಯೇ ಇಲ್ಲದ ಸ್ವಾತಂತ್ರ್ಯವನ್ನು ಮನುಷ್ಯನು ಮತ್ತೊಂದು ಜೀವಕ್ಕೆ ಕೊಡುವುದೆಂತು? ಲೋಕದೃಷ್ಟಿಯಿಂದ ನೋಡಿದರೂ ಅಷ್ಟೇ. ಆಡು, ಕತ್ತೆ, ದನಗಳು ಸಾವಿರಾರು ವರ್ಷಗಳಿಂದ ನಮ್ಮ ಆಶ್ರಯದಲ್ಲಿ ಬೆಳೆದವು; ಹಗ್ಗ ಬಿಚ್ಚಿದೊಡನೆ ಅವು ಜಿಂಕೆಗಳಾಗುವುದಿಲ್ಲ. ಹಗ್ಗ ಬಿಚ್ಚಿದಾಗ ಹಗುರವಾಗುವುದು ಹೆಚ್ಚಾಗಿ ಬಿಚ್ಚಿದವನ ಹೊರೆಯೇ. ಇನ್ನು, ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಜಗತ್ತು ಸತ್ಯವಾದರೆ ಆ ಕತ್ತೆಯ ಮುರಿದ ಕಾಲಿನ ನೋವೂ ಸತ್ಯವೇ. ಅದನ್ನುಣ್ಣುವವನು ನಮ್ಮಿಂದ ಭಿನ್ನನಾದ ಒಬ್ಬ ಜೀವನು, ಅವನೊಳಗೂ ಬಿಂಬರೂಪಿಯಾದ ಹರಿಯಿದ್ದಾನೆ.

ಇದಕ್ಕೆ ಎರಡು ಆಕ್ಷೇಪಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಪಶುವು ತನ್ನ ಪ್ರಾರಬ್ಧವನ್ನು ಅನುಭವಿಸುತ್ತಿದೆ, ನಡುವೆ ನಾವಾರು ಎಂಬುದು ಮೊದಲನೆಯದು. ಮಗುವಿಗೆ ಜ್ವರ ಬಂದಾಗ ಪ್ರಾರಬ್ಧವೆಂದು ಕೈಕಟ್ಟಿ ಕುಳಿತವರನ್ನು ನಾವು ಕಂಡಿಲ್ಲ. ಆಗ ವೈದ್ಯರ ಮನೆಗೇ ಓಡುತ್ತೇವೆ. ಫಲದಾನವು ಹರಿಯ ಅಧೀನ, ವಿಹಿತಕರ್ಮವನ್ನಾಚರಿಸುವುದು ನಮ್ಮ ಪಾಲಿನದು.

ಎರಡನೆಯದಕ್ಕೆ ಹೆಚ್ಚು ತೂಕವುಂಟು. ರಾಜರ್ಷಿ ಭರತನ ಕಥೆಯನ್ನು ಪುರಾಣಶ್ರವಣ ಮಾಡಿದವರೆಲ್ಲರೂ ಬಲ್ಲರು. ನದೀತೀರದಲ್ಲಿ ತಾಯಿಯನ್ನು ಕಳೆದುಕೊಂಡ ಜಿಂಕೆಯ ಮರಿಯನ್ನು ಎತ್ತಿ ಸಾಕಿದನು, ಅದನ್ನೇ ನೆನೆಯುತ್ತ ದೇಹಬಿಟ್ಟು ಜಿಂಕೆಯಾಗಿ ಹುಟ್ಟಿದನು. ಹಾಗಾದರೆ ಪಶುವಿನ ಮೇಲಿನ ಕನಿಕರವೇ ಬಂಧಕವಲ್ಲವೇ? ಕಥೆಯನ್ನು ನಿಧಾನವಾಗಿ ಓದಿದರೆ, ಭರತನು ಮರಿಯನ್ನು ನೀರಿನಿಂದ ಎತ್ತಿದ್ದನ್ನು ಶುಕಾಚಾರ್ಯರು ಎಲ್ಲಿಯೂ ದೋಷವೆನ್ನುವುದಿಲ್ಲ. ‘ಇದು ನನ್ನದು’ ಎಂಬ ಅಭಿಮಾನವು ಬೆಳೆದು ಭಗವದಾರಾಧನೆಯು ತಪ್ಪಿಹೋದದ್ದು ದೋಷ. ಅಭಿಮಾನಕ್ಕೆ ಹೆದರಿ ಆರೈಕೆಯನ್ನೇ ಬಿಡುವವನು ಅಜೀರ್ಣಕ್ಕೆ ಹೆದರಿ ಅನ್ನವನ್ನು ಬಿಟ್ಟಂತೆ. ‘ನನ್ನದಲ್ಲ, ಹರಿಯದು’ ಎಂಬ ಅನುಸಂಧಾನದಿಂದ ಗಾಯ ತೊಳೆಯಲು ಬರುವುದಿಲ್ಲವೇ? ಒಡೆಯನು ದೊಡ್ಡವನಾದಷ್ಟೂ ಆತನ ಸೊತ್ತನ್ನು ಕಾಯುವವನ ಎಚ್ಚರವು ಹೆಚ್ಚಬೇಕು. ದೇವರ ಬೆಳ್ಳಿಯ ಪಾತ್ರೆಯನ್ನು ದಿನವೂ ತೊಳೆದು ಎಣಿಸಿಡುತ್ತೇವೆ. ದೇವರ ಆಡನ್ನು ಮಾತ್ರ ಎಣಿಸುವವರಿಲ್ಲ.

ಯಜ್ಞದಲ್ಲಿ ಜೀವಂತಪಶುವಿನ ಬದಲು ಪಿಷ್ಟಪಶುವನ್ನು ಬಳಸುವ ಪದ್ಧತಿಯನ್ನು ಎತ್ತಿಹಿಡಿದ ಸಂಪ್ರದಾಯ ನಮ್ಮದು. ವಿಧಿಯೂ ಉಳಿಯಿತು, ಪ್ರಾಣವೂ ಉಳಿಯಿತು. ಹರಕೆಯ ವಿಷಯದಲ್ಲಿಯೂ ಇಂತಹ ವಿವೇಕಕ್ಕೆ ಅವಕಾಶವಿದೆ. ನಮ್ಮಲ್ಲಿಯೇ ಮೃತರ ಸದ್ಗತಿಗಾಗಿ ವೃಷೋತ್ಸರ್ಗವೆಂದು ಗೂಳಿಯನ್ನು ಬಿಡುವ ವಿಧಿಯಿದೆ. ಊರಿಗೊಂದು ಗೋಮಾಳವಿದ್ದ ಕಾಲದಲ್ಲಿ ಬಿಟ್ಟ ಗೂಳಿಗೆ ಹುಲ್ಲೂ ಇತ್ತು, ಕೆರೆಯೂ ಇತ್ತು, ಊರವರ ಕಣ್ಣೂ ಇತ್ತು. ಇಂದು ಪೇಟೆಯಲ್ಲಿ ಬಿಟ್ಟದ್ದಕ್ಕೆ ಪ್ಲಾಸ್ಟಿಕ್ಕಿನ ಚೀಲವೇ ಮೇವು. ಹಾಲಿಲ್ಲದ ಗಂಡುಕರುಗಳನ್ನು ಇರುಳಿನಲ್ಲಿ ಬೀದಿಗೆ ಅಟ್ಟುವವರ ಮನೆಯ ಹಾಲಿನಿಂದಲೇ ನಮ್ಮ ಪಂಚಾಮೃತವೂ ಆಗುತ್ತಿರಬಹುದೆಂಬುದನ್ನು ಹೇಳದೆ ನಿರ್ವಾಹವಿಲ್ಲ.

ಆದುದರಿಂದ, ಪಶುವನ್ನು ದೇವರಿಗೆ ಬಿಡುವ ಸಂಕಲ್ಪವುಳ್ಳ ಸಜ್ಜನರು ಬಿಡುವ ಮೊದಲು ಅದರ ಆಯುಷ್ಯಪರ್ಯಂತದ ಮೇವು, ನೀರು, ಔಷಧಗಳಿಗೆ ವ್ಯವಸ್ಥೆ ಮಾಡಬೇಕು. ಗೋಶಾಲೆಗೆ ಒಪ್ಪಿಸುವುದಾದರೆ ಅಲ್ಲಿ ಸ್ಥಳವಿದೆಯೇ, ಪಶುವೈದ್ಯರು ಬರುತ್ತಾರೆಯೇ ಎಂದು ಕೇಳಿಕೊಂಡು, ಪಶುವಿನೊಡನೆ ಅದರ ಖರ್ಚನ್ನೂ ಕೊಡಬೇಕು. ಅದು ಆಗದಿದ್ದರೆ ಪಶುವಿನ ಬೆಲೆಯನ್ನು ಅಲ್ಲಿ ಈಗಾಗಲೇ ಇರುವ ಕುಂಟು, ಕುರುಡು, ಮುದಿ ದನಗಳ ಚಿಕಿತ್ಸೆಗೆ ಸಲ್ಲಿಸಬಹುದು. ನೇತ್ರಾಣಿಯಂತಹ ಕಡೆಗಳಲ್ಲಿ ಹೊಸ ಆಡುಗಳನ್ನು ಬಿಡದೆ, ಹರಕೆಯ ದೋಣಿ ಹೋಗುವಾಗ ಒಬ್ಬ ಪಶುವೈದ್ಯರನ್ನು ಕರೆದೊಯ್ದರೆ ಈಗಿರುವವುಗಳಿಗೆ ಉಪಕಾರವಾದೀತು. ಕರಾವಳಿಯ ಬಂಧುಗಳಲ್ಲಿ ಮೀನುಗಾರ ಮುಖಂಡರ ಪರಿಚಯವುಳ್ಳವರು ಈ ಮಾತನ್ನು ವಿನಯದಿಂದ ಅವರ ಮುಂದಿಡಬೇಕೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥